ಬೇಲಿಯ ಪಾಲು

“ಅಜ್ಜಾರ, ಬೇಲಿ ಎಷ್ಟು ಎತ್ತರ ಇರಬೇಕು?”

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಮಠದ ಪಡಸಾಲೆಯಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದರು. ವಯಸ್ಸಾದವರು. ಊರವರೂ ಶಿಷ್ಯರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಕೇಳಿದ ತಕ್ಷಣ ಉತ್ತರ ಕೊಡುವ ರೂಢಿ ಅವರಿಗಿರಲಿಲ್ಲ.

“ಯಾವ ಬೇಲಿ?” ಎಂದರು.

“ನಮ್ಮ ಹೂವಿನ ತೋಟದ್ದರಿ. ಈಗ ಎದಿಮಟ ಐತಿ. ಆಳೆತ್ತರ ಏರಿಸಬೇಕಂತ ಮಾಡೀನಿ.”

“ಯಾಕ, ದನ ನುಗ್ಗತಾವೇನು?”

“ದನ ಅಲ್ಲರಿ.” ಶಿಷ್ಯ ದನಿ ತಗ್ಗಿಸಿದ. “ನಮ್ಮ ಅಣ್ಣ.”

ಈ ಶಿಷ್ಯ ಹತ್ತು ವರ್ಷದ ಹಿಂದೆ ಅಣ್ಣನೊಂದಿಗೆ ಜಗಳಾಡಿ, ಸಂಸಾರವೇ ಬೇಡವೆಂದು ಮಠಕ್ಕೆ ಬಂದವನು. ಹೂದೋಟ ಅವನ ಪಾಲಿನ ಸೇವೆ. ಪ್ರತಿ ಸೋಮವಾರ ಅವನು ಪೂಜೆ ಮುಗಿಸಿ ತೋಟಕ್ಕೆ ಬರುವ ಹೊತ್ತಿಗೆ ಅಣ್ಣ ಬೇಲಿಯ ಹೊರಗೆ ನಿಂತಿರುತ್ತಿದ್ದ. ಕರೆಯುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು ಹೊರಟುಹೋಗುತ್ತಿದ್ದ. ಆ ಮುಖ ಕಂಡ ದಿನ ಜಪದಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂದು ಶಿಷ್ಯ ಹೇಳಿಕೊಂಡ.

“ಏರಿಸೋದೇನು ಕಷ್ಟದ ಕೆಲಸ ಅಲ್ಲರಿ,” ಎಂದ. “ನಮ್ಮ ಬೇಲಿ ಬಾಳ ಸಾಧು. ಹತ್ತು ವರ್ಷದಾಗ ಒಂದ್ ಸಲಾನೂ ನಾ ಅದಕ್ಕ ಕುಡಗೋಲು ಹಚ್ಚಿಲ್ಲ. ಎದಿಮಟ ಬೆಳದು ತಾನ ನಿಂತೈತಿ.”

ಅಜ್ಜಾರು ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟರು. ಶಿಷ್ಯನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಹಳ್ಳದ ದಂಡೆಯ ಒಂದು ಊರಿನಲ್ಲಿ ಒಬ್ಬ ಎಲೆತೋಟದ ಯಜಮಾನನಿದ್ದ. ಎಲೆ ಎಂದರೆ ವೀಳ್ಯದೆಲೆ. ಎಲೆಬಳ್ಳಿಯದು ಬಲು ನಾಜೂಕಿನ ಜಾತಿ. ಬಿಸಿಲು ಹೆಚ್ಚಾದರೆ ಮುನಿಯುತ್ತದೆ, ನೀರು ಹೆಚ್ಚಾದರೆ ಮುನಿಯುತ್ತದೆ, ಬಿಸಿಗಾಳಿ ತಾಗಿದರಂತೂ ಕೇಳುವುದೇ ಬೇಡ. ಮನೆಗೆ ಬಂದ ಹೊಸ ಅಳಿಯನನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು. ಅದಕ್ಕೇ ಎಲೆತೋಟಕ್ಕೆ ನಾಲ್ಕೂ ಕಡೆ ಒತ್ತಾಗಿ ಬೇಲಿ ಇರುತ್ತದೆ. ಈ ತೋಟದ್ದು ಯಜಮಾನನ ಅಪ್ಪ ನೆಟ್ಟ ಹಾಲುವಾಣದ ಬೇಲಿ. ಹಾಲುವಾಣಕ್ಕೆ ಮೈತುಂಬ ಮುಳ್ಳು, ತುದಿಯಲ್ಲಿ ಮೆತ್ತನೆಯ ಸೊಪ್ಪು.

ಆ ಊರಿನ ಎಲೆತೋಟದವರಿಗೆ ಮೂರು ಕಟ್ಟಳೆಗಳಿದ್ದವು. ತೋಟದೊಳಗೆ ಮೆಟ್ಟು ಮೆಟ್ಟಿಕೊಂಡು ಹೋಗಬಾರದು. ಹೆಣ್ಣುಮಕ್ಕಳು ಒಳಗೆ ಕಾಲಿಡಬಾರದು, ಇಟ್ಟರೆ ಬಳ್ಳಿ ಬಾಡುತ್ತದೆ. ಅದೇ ಎಲೆ ಇಲ್ಲದೆ ಹೆಣ್ಣುಮಕ್ಕಳ ಒಂದು ಶುಭಕಾರ್ಯವೂ ಆಗುವುದಿಲ್ಲ, ಆ ಮಾತು ಬೇರೆ. ಮೂರನೆಯದು, ಮನೆಯ ಮಗಳ ಮದುವೆಗೆ ಎಲೆ ಸ್ವಂತ ತೋಟದ್ದೇ ಆಗಬೇಕು, ಮೊದಲ ತಾಂಬೂಲ ಮಗಳ ಸೋದರತ್ತೆಗೆ ಹೋಗಬೇಕು. ಎಲೆ ಬೆಳೆಯುವವನು ಮಗಳ ಮದುವೆಗೆ ಎಲೆ ಕೊಂಡು ತಂದರೆ ಊರು ನಗುತ್ತದೆ.

ಯಜಮಾನನಿಗೆ ಒಬ್ಬಳು ತಂಗಿಯಿದ್ದಳು, ಹೊನ್ನವ್ವ. ಕತೆಯಲ್ಲಿ ಬೇರೆ ಯಾರಿಗೂ ನಾನು ಹೆಸರು ಇಟ್ಟಿಲ್ಲ. ಇವಳಿಗೆ ಇಟ್ಟಿದ್ದೇನೆ, ಏಕೆಂದರೆ ಆ ಮನೆಯಲ್ಲಿ ಆಡಬಾರದ ಹೆಸರು ಅದೊಂದೇ ಆಗಿತ್ತು. ಹಳ್ಳದ ಆಚೆಯ ದಂಡೆಯಲ್ಲಿ ಆಡು ಮೇಯಿಸಿಕೊಂಡಿದ್ದ ಒಬ್ಬನನ್ನು ಅವಳು ಮೆಚ್ಚಿ ಮದುವೆಯಾದಳು. ಅವನು ಕುಲದವನಲ್ಲ. ಅಣ್ಣ ಸಿಟ್ಟಿನಿಂದ ಕುದಿದುಹೋದ. ಹೊಸ್ತಿಲ ಮೇಲೆ ನೀರು ಸುರಿದು, ಇಂದಿನಿಂದ ಆ ಹೆಸರು ಈ ಮನೆಯಲ್ಲಿಲ್ಲ, ಆ ಮುಖ ನಾನು ನೋಡುವುದಿಲ್ಲ, ಮಾತೂ ಆಡುವುದಿಲ್ಲ ಎಂದು ಹತ್ತು ಜನರ ಮುಂದೆ ಆಣೆ ಮಾಡಿದ. ಅವತ್ತಿನಿಂದ ಮನೆಯಲ್ಲಿ ಅವಳ ಮಾತು ಬಂದರೆ ‘ಹಳ್ಳದ ಆಚೆಯಾಕಿ’ ಎನ್ನುತ್ತಿದ್ದರು. ಅದೂ ಅವನು ಇಲ್ಲದಾಗ.

ಅಪ್ಪ ಮಾತ್ರ ಏನೂ ಹೇಳಲಿಲ್ಲ. ಬೈಯಲಿಲ್ಲ, ಹರಸಲಿಲ್ಲ. ಮೊದಲಿನಂತೆ ತೋಟಕ್ಕೆ ಹೋಗಿ ಬಂದುಕೊಂಡಿದ್ದ. ಒಂದು ವರ್ಷದ ಮೇಲೆ ಹಾಸಿಗೆ ಹಿಡಿದ. ಕಣ್ಣು ಮುಚ್ಚುವ ಮೊದಲು ಮಗನನ್ನು ಹತ್ತಿರ ಕರೆದು, “ತೋಟ ನೋಡ್ಕೋ. ಬೇಲಿ ಚಿಂತಿ ನಿನಗ ಬ್ಯಾಡ,” ಎಂದ. ಅಷ್ಟೇ ಮಾತು.

ಮಗ ಆ ಮಾತನ್ನು ಕಣ್ಣಿಗೊತ್ತಿಕೊಂಡ.

ವರ್ಷ ಕಳೆಯಿತು, ಎರಡಾಯಿತು. ಅಪ್ಪನ ಮಾತು ಸುಳ್ಳಾಗಲಿಲ್ಲ. ಊರಿನವರೆಲ್ಲ ಮಳೆಗಾಲ ಮುಗಿದೊಡನೆ ಕುಡಗೋಲು ಹಿಡಿದು ತಮ್ಮ ತಮ್ಮ ಬೇಲಿ ಸವರುತ್ತಿದ್ದರು. ಇವನ ಬೇಲಿ ಮಾತ್ರ ಭುಜದಮಟ ಬೆಳೆದು ಅಲ್ಲಿಗೇ ನಿಲ್ಲುತ್ತಿತ್ತು. ಒಳಮಗ್ಗುಲಿಗೆ ಬಳ್ಳಿಯ ನೆರಳು ಇದ್ದುದರಿಂದ ಅಲ್ಲಿ ಹೇಗೂ ಚಿಗುರು ಕಡಿಮೆ. ಬೇಲಿ ಬೆಳೆಯುವುದೆಲ್ಲ ಮೇಲಕ್ಕೆ ಮತ್ತು ಹೊರಕ್ಕೆ. ಹೊರಮಗ್ಗುಲು ಹಳ್ಳದ ಕಡೆಗಿತ್ತು. ಹಳ್ಳದ ಕಡೆಗೆ ಹೋದರೆ ಆಚೆಯ ದಂಡೆ ಕಾಣುತ್ತದೆ, ಆಚೆಯ ದಂಡೆಯಲ್ಲಿ ನೋಡಬಾರದ ಮುಖವಿದೆ. ಆದ್ದರಿಂದ ಅವನು ಬೇಲಿಯ ಹೊರಮಗ್ಗುಲಿಗೆ ಒಂದು ದಿನವೂ ಹೋಗಲಿಲ್ಲ.

ಇದು ಅಪ್ಪನ ವಾಕ್ಯದ ಬಲ ಎಂದು ಅವನು ನಂಬಿದ. ನಂಬಿದವನು ಸುಮ್ಮನಿದ್ದಾನೆಯೇ? ಅಮಾವಾಸ್ಯೆಗೊಮ್ಮೆ ಬೇಲಿಯ ಮೊದಲ ಗಿಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಊದುಬತ್ತಿ ಬೆಳಗಿದ. ಬಂದವರಿಗೆಲ್ಲ ತೋರಿಸಿದ. “ಮಂದೀ ಬೇಲಿ ಬೆಳೀತಾವು. ನಮ್ಮ ಬೇಲಿ ಅಪ್ಪನ ಮಾತಿನಾಗ ನಿಂತೈತಿ,” ಎಂದು ಮೀಸೆ ತಿರುವಿದ. ಬೇಲಿಗೇ ಮರ್ಯಾದೆ ಗೊತ್ತಿರುವಾಗ ಮನುಷ್ಯರಿಗೇಕೆ ಗೊತ್ತಿರಬಾರದು ಎಂದೂ ಒಮ್ಮೊಮ್ಮೆ ಸೇರಿಸುತ್ತಿದ್ದ. ಆ ಮಾತು ಯಾರ ಕಡೆಗೆಂದು ಕೇಳಿದವರಿಗೆ ತಿಳಿಯುತ್ತಿತ್ತು. ಹೀಗೆ ಹದಿನಾಲ್ಕು ವರ್ಷ ಹೋಯಿತು. ಅವನ ಎಲೆಗೆ ಸಂತೆಯಲ್ಲಿ ಹೆಸರಿತ್ತು. ಮಗಳು ಮದುವೆಗೆ ಬಂದಳು, ಗಂಡು ಗೊತ್ತಾಯಿತು, ಮಾಘದಲ್ಲಿ ಮದುವೆಯೆಂದು ಮಾತಾಯಿತು.

ಆ ವರ್ಷ ಯುಗಾದಿ ಕಳೆದ ಮೇಲೆ ಒಂದು ಸಂತೆಯ ದಿನ ಅವನು ಎಲೆಯ ಪೆಂಡಿ ಹೊತ್ತು ಹೋದ. ಸಂತೆಯ ಊರಿನಲ್ಲಿ ಯಾರೋ ದೊಡ್ಡವರು ತೀರಿಕೊಂಡಿದ್ದರಿಂದ ಸಂತೆ ನೆರೆದಿರಲಿಲ್ಲ. ಎಲೆ ಬಾಡುವುದರೊಳಗೆ ಮನೆ ಸೇರಬೇಕೆಂಬ ಅವಸರದಲ್ಲಿ ಅವನು ದೊಡ್ಡ ಹಾದಿ ಬಿಟ್ಟು ಹಳ್ಳದ ಅಡ್ಡಹಾದಿ ಹಿಡಿದ. ತನ್ನ ತೋಟದ ಹಿಂಬದಿಗೆ ಬಂದು ನೋಡಿದರೆ, ಒಬ್ಬ ಹೆಂಗಸು ಕುಡಗೋಲು ಹಿಡಿದು ಬೇಲಿಯ ಟೊಂಗೆಗಳನ್ನು ಚರಚರನೆ ಕಡಿದು ಕೆಡವುತ್ತಿದ್ದಾಳೆ. ಕಾಲ ಬುಡದಲ್ಲಿ ಏಳೆಂಟು ಆಡುಗಳು ಸೊಪ್ಪು ಮೇಯುತ್ತಿವೆ. ಅವಳು ತಿರುಗಿದಳು. ಹದಿನೈದು ವರ್ಷದ ಮೇಲೂ ಮುಖ ಗುರುತು ಹತ್ತುವುದಕ್ಕೆ ಒಂದು ಕ್ಷಣ ಸಾಕಾಯಿತು.

ಅವನ ಮೈ ಉರಿದುಹೋಯಿತು. ಅಪ್ಪನ ವಾಕ್ಯಕ್ಕೆ ಕುಡಗೋಲು! ಆದರೆ ಬಯ್ಯಬೇಕೆಂದರೆ ಮಾತಾಡಬೇಕು, ಮಾತಾಡುವುದಿಲ್ಲವೆಂದು ಆಣೆಯಿದೆ. ಮಾತು ಬಿಟ್ಟವರು ನಮ್ಮ ಕಡೆ ಏನು ಮಾಡುತ್ತಾರೆ? ನಡುವೆ ಇರುವ ಕಂಬಕ್ಕೋ ಬೆಕ್ಕಿಗೋ ಹೇಳುತ್ತಾರೆ. ಅವನು ಆಡಿಗೆ ಹೇಳಿದ.

“ಏ ಆಡೇ, ನಿನಗ ಹೇಳತೀನಿ ಕೇಳು. ಇದು ನಮ್ಮಪ್ಪ ನೆಟ್ಟ ಬೇಲಿ. ಇನ್ನೊಂದ್ ಸಲ ಇದರ ತಂಟೆಕ ಬಂದ್ರ ಕಾಲು ಮುರದು ಕೈಯಾಗ ಕೊಡತೀನಿ.”

ಆಡಿಗೆ ಕೈ ಎಲ್ಲಿಂದ ಬರಬೇಕು? ಮಾತು ಯಾರಿಗೆ ಎಂಬುದು ಆಡಿಗೂ ಗೊತ್ತಾದಂತೆ ಅದು ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿತು. ಹೊನ್ನವ್ವ ಕುಡಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳೂ ಆಡಿಗೇ ಹೇಳಿದಳು.

“ನಡಿಯವ್ವಾ, ನಡಿ. ಬೇಲಿ ಧಣ್ಯಾರು ಬಂದ್ರು. ನಾಳಿಂದ ಬ್ಯಾರೆ ಕಡೆ ಸೊಪ್ಪು ನೋಡೂಣು.”

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆಡುಗಳಿಗೆ ಬೇರೆ ಕಡೆ ಸೊಪ್ಪು ಸಿಕ್ಕಿತು. ಬೇಲಿಗೆ ಬೇರೆ ಕೈ ಸಿಗಲಿಲ್ಲ.

ಜ್ಯೇಷ್ಠದಲ್ಲಿ ಮಳೆ ಹಿಡಿಯಿತು. ಆಷಾಢ ಮುಗಿಯುವುದರೊಳಗೆ ಬೇಲಿ ಅವನ ತಲೆಯ ಮೇಲೆ ಹೋಯಿತು. ಶ್ರಾವಣದಲ್ಲಿ ಇನ್ನೊಂದು ಆಳೆತ್ತರ ಬೆಳೆಯಿತು, ಒಳಗೆ ಹೊರಗೆ ಕಣ್ಣು ಹಾಯದಂತೆ ಒತ್ತಿಕೊಂಡಿತು. ಮೊದಲು ಅವನಿಗೆ ಸಂತೋಷವೇ ಆಯಿತು. ಕೆಟ್ಟ ಕೈ ತಪ್ಪಿದ್ದರಿಂದ ಅಪ್ಪನ ಬೇಲಿ ಮೈದುಂಬಿಕೊಂಡಿತು ಎಂದುಕೊಂಡ. ಬೆಳೆಯದೆ ನಿಂತಾಗಲೂ ಅಪ್ಪನ ಮಹಿಮೆ, ಬೆಳೆದಾಗಲೂ ಅಪ್ಪನ ಮಹಿಮೆ. ನಂಬಿಕೆಗೆ ಯಾವ ಕಡೆಯಿಂದ ಹೋದರೂ ದಾರಿ ಸಿಗುತ್ತದೆ.

ಆಮೇಲೆ ಒಂದು ದಿನ ಎಲೆಯ ಮೇಲೆ ಕರಿಯ ಚುಕ್ಕೆ ಕಂಡಿತು. ನಾಲ್ಕು ದಿನಕ್ಕೆ ಚುಕ್ಕೆ ಮಚ್ಚೆಯಾಯಿತು. ಬಳ್ಳಿಯ ಬುಡ ಮೆತ್ತಗಾಗಿ ನಾರತೊಡಗಿತು. ಒಳಗೆ ಗಾಳಿಯಿಲ್ಲ, ನೆಲ ಆರುವುದಿಲ್ಲ. ಒಂದು ಸಾಲಿನಿಂದ ಮತ್ತೊಂದು ಸಾಲಿಗೆ ಕೊಳೆ ದಾಟಿತು. ಅಜ್ಜನ ಕಾಲದಿಂದ ಬಂದ ತಾಯಿಬಳ್ಳಿ ಒಂದು ಬೆಳಗ್ಗೆ ಬುಡ ಕಳಚಿ ಜೋತುಬಿತ್ತು. ಅವನು ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಮದುವೆಗೆ ಐದು ತಿಂಗಳಿತ್ತು.

ಊರಿನಲ್ಲಿ ನಾಲ್ಕು ಮಂದಿಗೆ ಕಾರಣ ಗೊತ್ತಿತ್ತು. ಸಂತೆಯ ದಿನಗಳಲ್ಲಿ ಹಳ್ಳದ ಹಾದಿಯಲ್ಲಿ ತಿರುಗಾಡಿದವರು ಅವರು. ಹದಿನಾಲ್ಕು ವರ್ಷ ಬೇಲಿ ಸವರಿದವರು ಯಾರೆಂದು ಕಣ್ಣಾರೆ ಕಂಡಿದ್ದರು. ಆದರೆ ಅದನ್ನು ಹೇಳಬೇಕಾದರೆ ಆ ಹೆಸರು ಎತ್ತಬೇಕು. ಹೆಸರು ಎತ್ತಿದವರ ಮೇಲೆ ಇವನು ಹರಿಹಾಯುತ್ತಾನೆ. ಊರ ಉಸಾಬರಿ ನಮಗೇಕೆಂದು ಅವರು ಬಾಯಿ ಮುಚ್ಚಿಕೊಂಡರು. ನೋಡು, ಹಾಲುವಾಣದ ಬೇಲಿಯಲ್ಲಾದರೂ ಸಂದು ಇರುತ್ತದೆ. ಇವನು ಬಾಯಿಮಾತಿನಲ್ಲಿ ಹಾಕಿದ ಬೇಲಿಯಲ್ಲಿ ಒಂದು ಸುದ್ದಿ ನುಸುಳುವಷ್ಟು ಸಂದೂ ಇರಲಿಲ್ಲ.

ಅವನು ನಿಮಿತ್ತ ಹೇಳುವವನ ಹತ್ತಿರ ಹೋದ. ನಿಮಿತ್ತದವನು ಕವಡೆ ಹಾಕಿ, ಹೊರಗಿನ ಕಣ್ಣು ಬಿದ್ದಿದೆ, ತೋಟ ಯಾರಿಗೂ ಕಾಣದಂತೆ ಮಾಡು ಎಂದ. ಯಾರ ಕಣ್ಣೆಂದು ಇವನು ಕೇಳಲಿಲ್ಲ. ಕೇಳುವ ಅಗತ್ಯ ಅವನಿಗೆ ಕಾಣಲಿಲ್ಲ. ಮನೆಗೆ ಬಂದವನೇ ಬಿದಿರ ತಟ್ಟಿ ಹೆಣೆಯಿಸಿ ಬೇಲಿಯುದ್ದಕ್ಕೂ ಒಳಗಿನಿಂದ ಕಟ್ಟಿಸಿದ. ವಾಯವ್ಯದ ಮೂಲೆಯಲ್ಲಿ ಒಂದು ಹುತ್ತವಿತ್ತು. ಹುತ್ತದ ಹತ್ತಿರ ಗುಣಿ ತೋಡಬಾರದೆಂದು ಆಳುಗಳು ಆ ಮೂಲೆಯನ್ನು ಮಾತ್ರ ಹಾಗೆಯೇ ಬಿಟ್ಟರು. ಹಾವಿನ ಭಯ ಅವನಿಗೂ ಇತ್ತು, ಅತ್ತ ಹೋಗಿ ನೋಡಲಿಲ್ಲ.

ತಟ್ಟಿ ಕಟ್ಟಿದ ಮೇಲೆ ಕೊಳೆ ಇಮ್ಮಡಿಯಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಾವೆಲ್ಲ ಆಡುತ್ತೇವೆ. ಯಾರೂ ಕಂಡವರಿಲ್ಲ. ಆ ಊರವರು ಕಂಡರು.

ದೀಪಾವಳಿ ಕಳೆಯಿತು. ಮದುವೆಯ ಮಟ್ಟಿಗಾದರೂ ಎಷ್ಟು ಸಾಲು ಉಳಿದಿವೆ ನೋಡೋಣವೆಂದು ಅವನು ಒಂದು ಮಧ್ಯಾಹ್ನ ತೋಟವನ್ನೆಲ್ಲ ಸುತ್ತಿದ. ಮೂರರಲ್ಲಿ ಎರಡು ಪಾಲು ಹೋಗಿತ್ತು. ಉಳಿದದ್ದೂ ಇಂದೋ ನಾಳೆಯೋ ಎನ್ನುವಂತಿತ್ತು. ಸುತ್ತುತ್ತ ಸುತ್ತುತ್ತ ಹುತ್ತದ ಮೂಲೆಗೆ ಬಂದ. ಅಲ್ಲಿ ಮೊದಲು ಅವನಿಗೆ ತಿಳಿದದ್ದು ಎಲೆಯಲ್ಲ, ಗಾಳಿ. ಬೆವೆತ ಕುತ್ತಿಗೆಗೆ ತಣ್ಣಗೆ ಗಾಳಿ ತಾಗಿತು. ತಲೆಯೆತ್ತಿ ನೋಡಿದ. ಮೂಲೆಯ ನಾಲ್ಕು ಸಾಲು ಬಳ್ಳಿ ಹಸುರಾಗಿ ನಿಂತಿತ್ತು. ಅಂಗೈಯಗಲದ ಎಲೆ, ಒಂದು ಚುಕ್ಕೆಯಿಲ್ಲ. ಅಲ್ಲಿ ನಾಲ್ಕು ಮಾರುದ್ದ ಬೇಲಿ ಭುಜದಮಟಕ್ಕೆ ಒಪ್ಪವಾಗಿ ಸವರಿತ್ತು. ಕಡಿದ ತುದಿಗಳು ಇನ್ನೂ ಹಸಿಯಾಗಿದ್ದವು.

ಅವನು ರೈತ. ಕಣ್ಣಿಗೆ ಕಂಡದ್ದನ್ನು ತಿಳಿಯಲಾರದಷ್ಟು ದಡ್ಡನಲ್ಲ. ಬೇಲಿ ತಗ್ಗಿದ್ದಲ್ಲಿ ಗಾಳಿ, ಗಾಳಿ ಇದ್ದಲ್ಲಿ ಬಳ್ಳಿ. ಹದಿನಾಲ್ಕು ವರ್ಷ ಕಾಯಿ ಒಡೆದದ್ದು ಯಾವ ಮಹಿಮೆಗೆ ಎಂಬುದು ಒಮ್ಮೆಗೇ ಹೊಳೆದು, ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದ. ಬೇಲಿಯ ಆಚೆ ಹೊನ್ನವ್ವ ಕುಡಗೋಲು ಹಿಡಿದು ನಿಂತಿದ್ದಳು.

ಇಬ್ಬರ ನಡುವೆ ಭುಜದೆತ್ತರದ ಬೇಲಿ. ಮುಖಕ್ಕೆ ಮುಖ ಕಾಣುತ್ತಿತ್ತು. ಅವತ್ತು ಆಡುಗಳು ದೂರ ಹಳ್ಳದ ತಗ್ಗಿನಲ್ಲಿದ್ದವು. ಮಾತನ್ನು ದಾಟಿಸಲು ನಡುವೆ ಯಾರೂ ಇರಲಿಲ್ಲ. ಅವನು ಅವಳಿಗೇ ಹೇಳಿದ.

“ಎಲ್ಲಾ ಕಡೆ ಬಿಟ್ಟಿ. ಈ ಮೂಲಿ ಅಷ್ಟ ಯಾಕ ಬಿಡಲಿಲ್ಲ?”

“ಅಪ್ಪ ನಿಂದರತಿದ್ದ ಜಾಗಾ ಇದು,” ಎಂದಳು ಹೊನ್ನವ್ವ. “ನೀ ಸಂತಿಗೆ ಹೋದ ದಿನ ಅವ ಒಳಗ ನಿಂದರತಿದ್ದ, ನಾ ಹೊರಗ. ಹಾಸಿಗಿ ಹಿಡಿಯೂ ಮೊದಲ ಕಡೀ ಸಲ ಬಂದಿದ್ದ. ‘ತೋಟ ನಿಮ್ಮಣ್ಣಗ,’ ಅಂದ. ‘ಅದರಾಗ ನಿನಗ ಪಾಲು ಕೊಡೂಣಂದ್ರ ಒಳಗ ಹೆಣ್ಣಮಕ್ಕಳಿಗೆ ಹಾದೀನ ಇಲ್ಲ. ಬೇಲಿ ಹೊರಗಿಂದು. ಬೇಲಿ ನಿನಗ. ಸೊಪ್ಪು ನಿನ್ನ ಆಡಿಗೆ, ಗಾಳಿ ಅವನ ಬಳ್ಳಿಗೆ. ಭುಜದ ಮ್ಯಾಲೆ ಏರಗೊಡಬ್ಯಾಡವ್ವಾ, ಮಾರಿ ಕಾಣಬೇಕು,’ ಅಂದ.”

“ನನಗ ಯಾಕ ಹೇಳಲಿಲ್ಲ ನೀ?”

“ಹೇಳಾಕ ನನಗ ಬಾಯಿ ಇತ್ತು. ಕೇಳಾಕ ನೀ ಇದ್ದಿಲ್ಲ.”

ಅವನ ಕಿವಿಯಲ್ಲಿ ಹದಿನಾಲ್ಕು ವರ್ಷದ ಹಿಂದಿನ ಮಾತು ಕೇಳಿಸಿತು. ಬೇಲಿಯ ಚಿಂತೆ ನಿನಗೆ ಬೇಡ. ಅದು ವರವಾಗಿರಲಿಲ್ಲ. ಬೇಲಿ ನಿನ್ನದಲ್ಲ ಎಂದು ಅಪ್ಪ ನೇರವಾಗಿಯೇ ಹೇಳಿ ಹೋಗಿದ್ದ. ತಂಗಿಯನ್ನು ಯಾವ ಬೇಲಿಯ ಹೊರಗೆ ನಿಲ್ಲಿಸಿದ್ದೇನೆಂದು ಇವನು ತಿಳಿದಿದ್ದನೋ ಆ ಬೇಲಿಯೇ ಅವಳ ಪಾಲಾಗಿತ್ತು.

ತಪ್ಪಾಯಿತು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅಂಥವರಿಗೆ ಬೇಗ ಬರುವುದೂ ಇಲ್ಲ. ಅವನು ಬಳ್ಳಿಯ ಕಡೆ ತಿರುಗಿ, ಆ ನಾಲ್ಕು ಸಾಲಿನಲ್ಲಿ ಹುಡುಕಿ ಹುಡುಕಿ ಐದು ಎಲೆ ಕೊಯ್ದ. ತುದಿ ಮುರಿಯದ, ಅಂಚು ಹರಿಯದ ಎಲೆ. ಬೇಲಿಯ ಮೇಲಿಂದ ಅವಳ ಕಡೆಗೆ ಚಾಚಿದ. ಮೊದಲ ತಾಂಬೂಲ ಸೋದರತ್ತೆಗೆ ಎಂಬುದನ್ನು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಹೊನ್ನವ್ವ ಎಲೆಯನ್ನು ನೋಡಿದಳು. ಕೈ ನೀಡಲಿಲ್ಲ.

“ಬೇಲಿ ಮ್ಯಾಲಿಂದ ಆಡಿಗೆ ಸೊಪ್ಪು ಹಾಕತಾರ ಅಣ್ಣಾ. ತಾಂಬೂಲ ಹಾದಿ ಹಿಡದು ಬರಬೇಕು,” ಎಂದು ಹೇಳಿ ಹಳ್ಳದ ಕಡೆ ಇಳಿದುಹೋದಳು.

ಬೇಲಿಯ ಮೇಲಿಂದ ಆದರೆ ಎರಡು ಮೊಳ. ಹಾದಿ ಹಿಡಿದು ಹೋದರೆ ತೋಟದ ಬಾಗಿಲು ದಾಟಿ, ಊರ ನಡುವೆ ಹಾಯ್ದು, ಹಳ್ಳದ ಕೆಳಗಿನ ದಾಟುವ ಜಾಗದಲ್ಲಿ ಇಳಿದು ಹತ್ತಿ, ಆಚೆಯ ದಂಡೆಯುದ್ದಕ್ಕೂ ನಡೆಯಬೇಕು. ಒಂದು ಹರದಾರಿಗೆ ಕಡಿಮೆಯಿಲ್ಲ. ಅದರಲ್ಲಿ ಊರ ನಡುವಿನ ಹಾದಿಯೇ ಎಲ್ಲಕ್ಕಿಂತ ಉದ್ದ. ಅವನು ಎಲೆ ಹಿಡಿದುಕೊಂಡು ಹೊರಟ. ಬಾಗಿಲ ಹೊರಗೆ ಬಿಟ್ಟ ಮೆಟ್ಟನ್ನು ಮೆಟ್ಟಿಕೊಳ್ಳುವುದು ಮರೆತುಹೋಯಿತು.

ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿ ನೋಡಿದರು. ಬರಿಗಾಲು, ಕೈಯಲ್ಲಿ ಐದೆಲೆ, ಮುಖ ಹಳ್ಳದ ಕಡೆ. ಒಬ್ಬ ಕೆಮ್ಮಿದ. “ಎಲ್ಲಿಗೆ ಸವಾರಿ?” ಎಂದು ಇನ್ನೊಬ್ಬ ಕೇಳಿದ. ಅವನು ನಿಲ್ಲಲಿಲ್ಲ. “ಹೊನ್ನವ್ವನ ಮನೀಗೆ,” ಎಂದ. ಹದಿನೈದು ವರ್ಷದಲ್ಲಿ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಹಳ್ಳ ದಾಟಿ ದಂಡೆಯ ಮೇಲೆ ಬಂದಾಗ ಎದುರಿಗೆ ತನ್ನ ತೋಟದ ಬೇಲಿ ಕಂಡಿತು. ಒಳಗೆ ಅಷ್ಟು ವರ್ಷ ಕಳೆದವನಿಗೆ ಹೊರಮಗ್ಗುಲು ಹೊಸದಾಗಿತ್ತು. ಈ ವರ್ಷದ ಬೆಳೆ ಮೇಲೆ ಕಾಡಿನಂತೆ ಎದ್ದಿತ್ತು. ಅದರ ಕೆಳಗೆ ಪ್ರತಿ ಗಿಡದ ಮೈಯಲ್ಲೂ, ಭುಜದ ಎತ್ತರದಲ್ಲಿ, ಹಳೆಯ ಕಡಿತದ ಗಂಟುಗಳು ಒಂದರ ಮೇಲೊಂದು ಕೂತಿದ್ದವು. ಅವನು ಒಂದು ಗಿಡದ ಗಂಟು ಎಣಿಸಲು ಹೋಗಿ ಬಿಟ್ಟುಬಿಟ್ಟ.

ಅವಳ ಗುಡಿಸಲು ಇನ್ನೂ ಇಪ್ಪತ್ತು ಮಾರಿರುವಾಗ ಒಣಗಿದ ಹಾಲುವಾಣದ ಮುಳ್ಳು ಅಂಗಾಲಿಗೆ ನೆಟ್ಟಿತು. ಅವಳೇ ಎಂದೋ ಆಡಿಗೆಂದು ಕಡಿದು ತಂದ ಟೊಂಗೆಯದು. ಕುಂಟುತ್ತ ಹೋಗಿ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತ. ಹೊನ್ನವ್ವ ಹೊರಗೆ ಬಂದಳು. ಏನೂ ಕೇಳದೆ ಅವನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯತೊಡಗಿದಳು. ಆಗ ಅವನು ಅವಳ ಅಂಗೈ ಕಂಡ. ಹದಿನಾಲ್ಕು ವರ್ಷದ ಮುಳ್ಳಿನ ಗೀರುಗಳು. ಕೆಲವು ಮಾಗಿ ಬೆಳ್ಳಗಾಗಿದ್ದವು, ಕೆಲವು ಇನ್ನೂ ಕೆಂಪಗಿದ್ದವು. ಹಸ್ತರೇಖೆ ಯಾವುದು, ಮುಳ್ಳು ಬರೆದದ್ದು ಯಾವುದು ತಿಳಿಯುವಂತಿರಲಿಲ್ಲ. ಅವನಿಗೆ ದುಃಖ ತಡೆಯಲಾಗಲಿಲ್ಲ. ಮುಳ್ಳಿಗೆ ಅಳುವವನಲ್ಲ ಅವನು ಎಂದು ಅವಳಿಗೆ ಗೊತ್ತಿತ್ತು.

“ನನ್ನ ತೋಟ ಕಾಯಾಕ ಇಷ್ಟ ಮಾಡಿಕೊಂಡ್ಯಾ?” ಎಂದ.

“ನಿನ್ನ ತೋಟ ಅಲ್ಲ, ನನ್ನ ಆಡು ಹಸದಿದ್ದುವು,” ಎಂದಳು. ಮುಳ್ಳು ಹೊರಗೆ ಬಂತು. ಅದನ್ನು ದೂರ ಎಸೆದಳು. “ಆಡಿನ ಹೊಟ್ಟಿ ತುಂಬತಿತ್ತು. ಅಪ್ಪನ ಮಾತೂ ನಡೀತಿತ್ತು.”

ಅವನು ಎದ್ದುನಿಂತು ಎರಡೂ ಕೈಯಿಂದ ಎಲೆ ಚಾಚಿದ. “ಹೊನ್ನವ್ವಾ, ಮಗಳ ಮದುವಿ ಐತಿ. ಮೊದಲ ಎಲಿ ನಿಂದು. ಬೇಲೀನೂ ನಿಂದ. ಅಪ್ಪ ನನಗೂ ಹೇಳಿದ್ದ, ನನಗ ತಿಳಿದಿದ್ದಿಲ್ಲ.”

ಹೊನ್ನವ್ವ ಸೆರಗು ಒಡ್ಡಿ ಎಲೆ ಇಸಿದುಕೊಂಡಳು.

ಅಜ್ಜಾರು ಇಲ್ಲಿ ನಿಲ್ಲಿಸಿ ಬತ್ತಿಯನ್ನು ಮತ್ತೆ ಕೈಗೆತ್ತಿಕೊಂಡರು. ಶಿಷ್ಯ ಸುಮ್ಮನೆ ಬಿಡಲಿಲ್ಲ. ಮದುವೆ ಏನಾಯಿತು, ತೋಟ ಏನಾಯಿತು ಎಂದು ಕೇಳಿದ.

ಆಗುವುದೇನು? ತಟ್ಟಿ ಬಿಚ್ಚಿದರು. ಹೊನ್ನವ್ವ ಬೇಲಿ ಸವರಿದಳು, ಈ ಸಲ ಸಂತೆಯ ದಿನಕ್ಕೆ ಕಾಯದೆ, ಹಾಡೇ ಹಗಲು. ಕೊಳೆತ ಬಳ್ಳಿ ಮರಳಿ ಬರಲಿಲ್ಲ. ಹೋದದ್ದು ಹೋಯಿತು, ಹೊಸ ಬಳ್ಳಿ ಹಬ್ಬಿಸಲು ಮೂರು ವರ್ಷ ಹಿಡಿಯಿತು. ಹುತ್ತದ ಮೂಲೆಯ ಎಲೆ ಮದುವೆಯ ಮೊದಲ ತಾಂಬೂಲಕ್ಕೂ ಬೀಗರ ತಟ್ಟೆಗೂ ಸಾಕಾಯಿತು. ಉಳಿದದ್ದನ್ನು ಯಜಮಾನ ಸಂತೆಯಲ್ಲಿ ಕೊಂಡು ತಂದ. ನಗುವವರು ನಕ್ಕರು. ಹೆಣ್ಣುಮಕ್ಕಳು ತೋಟದೊಳಗೆ ಬರಬಾರದೆಂಬ ಕಟ್ಟಳೆ ಅಲ್ಲಿ ಇನ್ನೂ ಇದೆಯೋ ಏನೋ. ಬಳ್ಳಿಗೆ ಹತ್ತಿದಷ್ಟು ಬೇಗ ಕಟ್ಟಳೆಗೆ ಕೊಳೆ ಹತ್ತುವುದಿಲ್ಲ.

ಶಿಷ್ಯನ ಮುಖದಲ್ಲಿ ಲೆಕ್ಕ ಬಿಡಿಸಿದವನ ಸಮಾಧಾನ ಕಂಡಿತು.

“ತಿಳೀತರಿ ಅಜ್ಜಾರ,” ಎಂದ. “ಹಂಗಂದ್ರ ಬೇಲಿ ಭುಜದಮಟ ಇದ್ರ ಸಾಕು. ಅದಕಿಂತ ಏರಿಸಬಾರದು, ಅಲ್ಲರಿ?”

ಅಜ್ಜಾರು ಬತ್ತಿಯಿಂದ ಕಣ್ಣೆತ್ತಲಿಲ್ಲ.

“ನಾಳೆ ಸೋಮವಾರ. ಮೊದಲು ಹೊರಗ ಹೋಗಿ ನಿಮ್ಮಣ್ಣನ ಅಂಗೈ ನೋಡಿ ಬಾ, ಎತ್ತರದ ಮಾತು ಆಮ್ಯಾಲೆ.”